ಹಿಡಿದು ತಂದ ಗೋಸುಂಬೆ ಯಾಕೆ ತಿನ್ನಲ್ಲ?

"ಅಣ್ಣಾ, ಜೋಳದ ಹೊಲದ ಬೇಲೀಲಿ ಗೋಸುಂಬೆ ಸಿಕ್ತು. ಸಾಕೋಣ ಅಂತ ಮನೆಗೆ ತಂದೆ. ಮೂರು ದಿನ ಆಯ್ತು, ಏನ್ ಹಾಕಿದ್ರೂ ಮುಟ್ತಿಲ್ಲ. ಏನು ಕೊಡ್ಲಿ?" ನಮ್ಮ ಪಾಲಾರ್ ಕಡೆಯ ಹುಡುಗರು ಫೋಟೋ ಕಳಿಸಿ ನನ್ನನ್ನು ಕೇಳೋ ಪ್ರಶ್ನೆ ಇದು. ಉತ್ತರ ಒಂದೇ ಮಾತಲ್ಲಿ ಮುಗಿಯಲ್ಲ. ಅದಕ್ಕೇ ಈ ವಾರ ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಗುರುತು ಹಿಡಿಯಿರಿ

ಬೇಲಿ ಮೇಲೆ ಕೂತು ತಲೆ ಆಡಿಸುತ್ತಾ ಸರಕ್ಕನೆ ಓಡೋದು ಓತಿಕ್ಯಾತ. ಗೋಸುಂಬೆ ಅಥವಾ ಊಸರವಳ್ಳಿ ಬೇರೆ. ಅದು ನಿಧಾನಕ್ಕೆ, ಗಾಳಿಗೆ ಅಲ್ಲಾಡೋ ಎಲೆ ಥರ ತೂಗುತ್ತಾ ನಡೆಯುತ್ತೆ. ಕಾಲು ಇಕ್ಕಳದಂತೆ ಕೊಂಬೆ ಹಿಡಿಯುತ್ತೆ, ಬಾಲ ಸುರುಳಿ ಸುತ್ತುತ್ತೆ, ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ಭಾರತದಲ್ಲಿ ಇರೋದು ಇದೊಂದೇ ಜಾತಿ. ಇದಕ್ಕೆ ವಿಷ ಇಲ್ಲ.

ತಿನ್ನದೆ ಇರಲು ಕಾರಣಗಳು

1. ಅಲ್ಲಾಡುವ ಹುಳ ಬೇಕು. ಇದು ಕಣ್ಣಿಂದ ಅಳೆದು, ಉದ್ದ ನಾಲಿಗೆ ಚಿಮ್ಮಿಸಿ ಬೇಟೆ ಆಡುತ್ತೆ. ಜೀವಂತ ಮಿಡತೆ, ನೊಣ ಕಂಡರಷ್ಟೇ ಅದಕ್ಕೆ ಊಟ. ಅನ್ನ, ಹಾಲು, ಸತ್ತ ಹುಳ ಇಟ್ಟರೆ ಅದು ಊಟ ಅಂತಾನೇ ತಿಳಿಯಲ್ಲ.

2. ಬಟ್ಟಲಿನ ನೀರು ಕುಡಿಯಲ್ಲ. ಎಲೆ ಮೇಲಿನ ಇಬ್ಬನಿ, ಮಳೆ ಹನಿ ನೆಕ್ಕಿ ಅದಕ್ಕೆ ರೂಢಿ. ಪಕ್ಕದಲ್ಲೇ ನೀರಿದ್ದರೂ ದೇಹ ಒಣಗುತ್ತೆ, ಕಣ್ಣು ಗುಳಿ ಬೀಳುತ್ತೆ. ಹಾಗಾದ ಮೇಲೆ ಹಸಿವೂ ಇರಲ್ಲ.

3. ಬಿಸಿಲು ಬೇಕು. ಇದರ ಮೈಬಿಸಿ ಹೊರಗಿನ ಶಾಖದಿಂದ ಬರಬೇಕು. ಬೆಳಗಿನ ಬಿಸಿಲು ಕಾಯಿಸದಿದ್ದರೆ ತಿಂದದ್ದು ಅರಗಲ್ಲ. ರಟ್ಟಿನ ಡಬ್ಬಿಯೊಳಗೆ ಆ ಬಿಸಿಲು ಎಲ್ಲಿಂದ ಬರಬೇಕು?

4. ಭಯ. ಪದೇ ಪದೇ ಕೈಗೆ ಎತ್ತೋದು, ಬಣ್ಣ ಬದಲಾಗಲಿ ಅಂತ ಕೆಣಕೋದು, ವಿಡಿಯೋ ಮಾಡೋದು ಎಲ್ಲ ಅದಕ್ಕೆ ಹಿಂಸೆ. ಬಣ್ಣ ಬದಲಾಗೋದು ನಮ್ಮನ್ನು ರಂಜಿಸೋಕಲ್ಲ. ಶಾಖ, ಬೆಳಕು, ಹೆದರಿಕೆ, ಸಿಟ್ಟಿಗೆ ತಕ್ಕಂತೆ ಅದು ಬದಲಾಗುತ್ತೆ. ಮೈ ಕಪ್ಪಾಗಿ, ಬಾಯಿ ತೆರೆದು ಬುಸ್ಸೆಂದರೆ ದೂರ ಹೋಗು ಎಂದೇ ಅರ್ಥ.

ಸಾಕುವಂತಿಲ್ಲ

ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯೋದು, ಸಾಕೋದು, ಮಾರೋದು ಎಲ್ಲ ಅಪರಾಧ. ಜೈಲು, ದಂಡ ಎರಡೂ ಆಗಬಹುದು. ಅದರಲ್ಲೂ ನಮ್ಮ ಸುತ್ತ ಇರೋದು 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ. ಸ್ಟೇಟಸ್‌ಗೆ ಹಾಕಿದ ವಿಡಿಯೋನೇ ಸಾಕ್ಷಿ ಆದೀತು, ಹುಷಾರು.

ಈಗಾಗಲೇ ಮನೇಲಿದ್ದರೆ

ಬಾಯಿ ಬಿಡಿಸಿ ತುರುಕಬೇಡಿ; ದವಡೆ, ನಾಲಿಗೆಗೆ ಪೆಟ್ಟಾಗುತ್ತೆ. ಎಲೆ ಇರೋ ಕೊಂಬೆ ಮೇಲೆ ಬಿಟ್ಟು, ಎಲೆಗಳಿಗೆ ಶುದ್ಧ ನೀರು ಚಿಮುಕಿಸಿ. ಔಷಧಿ ಹೊಡೆಯೋ ಸ್ಪ್ರೇಯರ್ ಮಾತ್ರ ಬೇಡ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ, ಸಿಕ್ಕಿದ ಅದೇ ಬೇಲಿಗೆ ಒಯ್ದು, ಅದು ಹಿಡಿದಿರೋ ಕಡ್ಡಿಯನ್ನೇ ಪೊದೆಗೆ ಆನಿಸಿ. ತಾನಾಗೇ ಹತ್ತಿ ಹೋಗುತ್ತೆ. ಗಾಯ ಆಗಿದ್ದರೆ, ಕೊಂಬೆ ಹಿಡಿಯಲೂ ಶಕ್ತಿ ಇಲ್ಲದಿದ್ದರೆ, ಗಾಳಿ ಆಡೋ ಪೆಟ್ಟಿಗೇಲಿ ನೆರಳಲ್ಲಿಟ್ಟು ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಹೊಲದಲ್ಲೇ ಉಳಿಸಿಕೊಳ್ಳಿ

ಮಿಡತೆ, ಹುಳ ಹಿಡಿಯೋ ಈ ಜೀವಕ್ಕೆ ನಾವು ಕೂಲಿ ಕೊಡಬೇಕಿಲ್ಲ. ಬದುವಿನ ಪೊದೆ, ಜೀವಂತ ಬೇಲಿ ಉಳಿಸಿ, ಬೆಂಕಿ ಹಾಕಬೇಡಿ. ಹುಳ ಕಂಡ ತಕ್ಷಣ ಔಷಧಿ ಹೊಡೆಯದೆ, ಹಾನಿ ಎಷ್ಟಿದೆ ನೋಡಿ ನಿರ್ಧರಿಸಿ. ವಿಷ ತಾಗಿದ ಹುಳ ತಿಂದರೆ ಅದಕ್ಕೂ ಅಪಾಯ. ಹೆಣ್ಣು ಗೋಸುಂಬೆ ಮೊಟ್ಟೆ ಇಡೋಕೆ ಮರ ಇಳಿದು ಬಂದು ಮಣ್ಣು ತೋಡುತ್ತೆ. ಬದುವಿನಲ್ಲಿ ಹಾಗೆ ತೋಡುತ್ತಿರೋದು ಕಂಡರೆ ಎತ್ತಬೇಡಿ, ಆ ಜಾಗದಲ್ಲಿ ಗುದ್ದಲಿ ಹಾಕಬೇಡಿ. ರಸ್ತೆ ದಾಟ್ತಿದ್ದರೆ ಬೈಕ್ ನಿಲ್ಲಿಸಿ. ಅದರ ನಡಿಗೆ ನಿಧಾನ, ಒಂದೆರಡು ನಿಮಿಷ ಕಾದರೆ ಸಾಕು.