ಆಯುಧಧಾರಣೆಯೂ ಅಹಿಂಸಾಣುವ್ರತವೂ

ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದ ದಿನಗಳಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ಸೋದರಳಿಯನಿಂದ ಒಂದು ದೀರ್ಘ ಪತ್ರ ಬಂದಿತು. ಅವನದು ಒಂದು ಸಣ್ಣ ದಿನಸಿ ಅಂಗಡಿ. ಗಂಡಹೆಂಡಿರಿಬ್ಬರೇ ರಾತ್ರಿ ಹತ್ತು ಗಂಟೆಯವರೆಗೆ ಅದನ್ನು ನಡೆಸುತ್ತಾರೆ. ನೆರೆಯ ಅಂಗಡಿಯಲ್ಲಿ ಒಂದೇ ವರ್ಷದಲ್ಲಿ ಎರಡು ಬಾರಿ ಬಂದೂಕು ತೋರಿಸಿ ದರೋಡೆ ಮಾಡಿದರಂತೆ. ಪಿಸ್ತೂಲೊಂದನ್ನು ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡರೆ ಯಾರೂ ಹತ್ತಿರ ಸುಳಿಯುವುದಿಲ್ಲವೆಂದು ಮಿತ್ರರು ಅವನಿಗೆ ಹೇಳುತ್ತಿದ್ದಾರೆ. ಪತ್ರದ ಕೊನೆಯಲ್ಲಿ ಅವನು ಹೀಗೆ ಬರೆದಿದ್ದನು: “2018ರ ಮಹಾಮಸ್ತಕಾಭಿಷೇಕಕ್ಕೆ ಬಂದಾಗ ಬೆಳಗೊಳದಲ್ಲಿ ಅಣುವ್ರತಗಳನ್ನು ಸ್ವೀಕರಿಸಿದವನು ನಾನು. ಪಿಸ್ತೂಲು ಕಟ್ಟಿಕೊಂಡರೆ ನನ್ನ ವ್ರತಕ್ಕೆ ಭಂಗವೇ? ಕಟ್ಟಿಕೊಳ್ಳದೆ ಇದ್ದು ಹೆಂಡತಿಗೆ ಅಪಾಯವಾದರೆ ಅದು ಧರ್ಮವೇ?”

ಈ ಪ್ರಶ್ನೆ ಒಬ್ಬನದಲ್ಲ. ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೂ, ಒಂಟಿ ತೋಟದ ಮನೆಗಳಲ್ಲಿ ವಾಸಿಸುವವರಿಗೂ, ಚಿನ್ನಬೆಳ್ಳಿಯ ವ್ಯಾಪಾರ ಮಾಡುವವರಿಗೂ ಇದು ಸಂಬಂಧಿಸಿದ್ದು. ಆದುದರಿಂದ ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಸಾಧರ್ಮಿಗಳ ಸ್ವಾಧ್ಯಾಯಕ್ಕಾಗಿ ಇಲ್ಲಿ ಒಪ್ಪಿಸುತ್ತಿದ್ದೇವೆ.

ರಾಜನಿಯಮ

ಮೊದಲು ಕಾನೂನಿನ ಮಾತು. ಟೆಕ್ಸಾಸಿನಲ್ಲಿ ಅನುಮತಿಪತ್ರವುಳ್ಳವರು ಪಿಸ್ತೂಲನ್ನು ಒರೆಯಲ್ಲಿಟ್ಟು ಬಹಿರಂಗವಾಗಿ ಧರಿಸಲು 2016ರ ಜನವರಿ 1ರಿಂದ ಅವಕಾಶವಾಯಿತು. 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ನಿಷೇಧಕ್ಕೆ ಒಳಗಾಗದವರಿಗೆ ಆ ಅನುಮತಿಪತ್ರವೂ ಬೇಕಿಲ್ಲವಾಯಿತು. ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಬಂದೂಕನ್ನು ಹೊಂದುವಂತಿಲ್ಲ. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಒಂದು ಅಪವಾದ. ಆದರೆ ತನ್ನ ದೇಹವನ್ನೂ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ನಮ್ಮ ಕಾನೂನೂ ಮನ್ನಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ವಿಷಯವನ್ನೇ ಹೇಳುತ್ತವೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯನ್ನೂ ಅಲ್ಲಿಯೇ ವಿಧಿಸಿದೆ.

ಯಾವುದಕ್ಕೆ ಅನುಮತಿಯುಂಟು ಎಂಬುದನ್ನು ರಾಜನಿಯಮ ತಿಳಿಸುತ್ತದೆ. ಯಾವುದು ಯೋಗ್ಯವೆಂಬುದನ್ನು ವ್ರತಿಯು ಆಗಮದಿಂದಲೂ ಸ್ವವಿವೇಕದಿಂದಲೂ ತಿಳಿಯತಕ್ಕದ್ದು.

ವ್ರತದ ಮೇರೆ

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿಯೇ ಕಲಿಸುತ್ತೇವೆ. ಕೊಲ್ಲಬೇಕೆಂಬ ಉದ್ದೇಶದಿಂದ ಮಾಡುವುದು ಸಂಕಲ್ಪೀ. ಅಡುಗೆ, ಗುಡಿಸುವುದು ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಕೃಷಿ, ವಾಣಿಜ್ಯಾದಿ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ. ಆಕ್ರಮಿಸಿ ಬಂದವನನ್ನು ತಡೆಯುವಾಗ ಅನಿವಾರ್ಯವಾಗಿ ಆಗುವುದು ವಿರೋಧೀ. ಅಣುವ್ರತಿಯು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಮನೋವಾಕ್ಕಾಯಗಳಿಂದ ಸರ್ವಥಾ ತ್ಯಜಿಸುತ್ತಾನೆ. ಉಳಿದ ಮೂರನ್ನು ಅವನು ಪೂರ್ಣವಾಗಿ ಬಿಡಲಾರ. ಆದರೆ ಅವುಗಳನ್ನು ಕುಗ್ಗಿಸುತ್ತ ಹೋಗುವುದು ಅವನ ಕರ್ತವ್ಯ. ಮಹಾವ್ರತಿಗಳಾದ ಮುನಿಗಳ ಮಾರ್ಗ ಬೇರೆ. ಉಪಸರ್ಗ ಬಂದಾಗ ಅವರು ಸಹಿಸುತ್ತಾರೆಯೇ ಹೊರತು ಪ್ರತೀಕಾರ ಮಾಡುವುದಿಲ್ಲ.

ಹೀಗಿರುವುದರಿಂದ, ಹೆಂಡತಿಯ ಮೇಲೆ ಕೈಮಾಡಲು ಬಂದವನನ್ನು ಬಲಪ್ರಯೋಗದಿಂದ ತಡೆದ ಗೃಹಸ್ಥನ ವ್ರತ ಭಂಗವಾಯಿತೆಂದು ಯಾರೂ ಹೇಳುವಂತಿಲ್ಲ. ಭಯದಿಂದ ಓಡಿಹೋಗಿ ಅದನ್ನು ಅಹಿಂಸೆಯೆಂದು ಕರೆದುಕೊಳ್ಳುವವನು ವ್ರತಕ್ಕೇ ಅಪಕೀರ್ತಿ ತರುತ್ತಾನೆ. ಗಂಗರ ಸೇನಾಧಿಪತಿ ಚಾವುಂಡರಾಯನೂ ಹೊಯ್ಸಳರ ದಂಡನಾಯಕ ಗಂಗರಾಜನೂ ಖಡ್ಗ ಹಿಡಿದ ಶ್ರಾವಕರೇ. ದೇಶರಕ್ಷಣೆಗಾಗಿ ಸೈನ್ಯದಲ್ಲಿರುವವರಿಗೂ ಪೊಲೀಸರಿಗೂ ಆಯುಧವು ಕರ್ತವ್ಯದ ಅಂಗ. ನಮ್ಮ ಇಂದಿನ ಪ್ರಶ್ನೆ ಅವರನ್ನು ಕುರಿತದ್ದಲ್ಲ.

ಕ್ಷಣದ ವಿರೋಧ, ದಿನದ ಧಾರಣೆ

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿರೋಧವು ಒಂದು ಕ್ಷಣದ್ದು. ಆಯುಧಧಾರಣೆ ಇಡೀ ದಿನದ್ದು. ಆಕ್ರಮಣವು ಜೀವನದಲ್ಲಿ ಒಮ್ಮೆ ಬಂದೀತು, ಬಾರದೆಯೂ ಹೋದೀತು. ಸೊಂಟದ ಪಿಸ್ತೂಲು ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಜೊತೆಗಿರುತ್ತದೆ. ಅದನ್ನು ಧರಿಸುವವನು ಅದರ ಅಭ್ಯಾಸವನ್ನೂ ಮಾಡಲೇಬೇಕು. ಯಾರ ಕೈ ಎಲ್ಲಿ ಚಲಿಸಿತು, ತಾನು ಎಷ್ಟು ಬೇಗ ಗುರಿಯಿಡಬಲ್ಲೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಒಬ್ಬ ಮನುಷ್ಯನ ವಧೆಯನ್ನು ದಿನವೂ ಕಲ್ಪಿಸಿಕೊಳ್ಳುವ ಈ ಚಿಂತನೆ ಅನರ್ಥದಂಡಗಳಲ್ಲಿ ಒಂದಾದ ಅಪಧ್ಯಾನದ ಕಡೆಗೆ ಜಾರುವುದು ಕಷ್ಟವೇನಲ್ಲ.

ಶಾಲಿಸಿಕ್ಥ ಮತ್ಸ್ಯದ ಕಥೆ ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿರುವುದೇ. ಅಕ್ಕಿಯ ಕಾಳಿನಷ್ಟಿದ್ದ ಆ ಮೀನು ಒಂದು ಜೀವಿಯನ್ನೂ ನುಂಗಲಿಲ್ಲ. ಮಹಾಮತ್ಸ್ಯದ ಬಾಯಿಂದ ಪಾರಾಗಿ ಹೋಗುತ್ತಿದ್ದ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಚಿಂತಿಸಿತು, ಅಷ್ಟೆ. ಅಷ್ಟರಿಂದಲೇ ಅದು ಸಪ್ತಮ ನರಕಕ್ಕೆ ಹೋಯಿತು. ಪ್ರಮತ್ತಯೋಗದಿಂದ ಆಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿದೆ. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆಯೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ವಿವರಿಸಿದ್ದಾರೆ. ಹೊರಗೆ ಗುಂಡು ಹಾರದಿದ್ದರೂ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ವ್ರತಿಯು ಪರೀಕ್ಷಿಸಿಕೊಳ್ಳಬೇಕು.

ಬಹಿರಂಗ ಧಾರಣೆಯ ಪಕ್ಷ

ಬಹಿರಂಗವಾಗಿ ಧರಿಸುವವರ ವಾದವನ್ನೂ ನ್ಯಾಯವಾಗಿ ಆಲಿಸಬೇಕು. ಆಯುಧ ಕಂಡರೆ ದುಷ್ಟನು ದೂರ ಸರಿಯುತ್ತಾನೆ, ಆದುದರಿಂದ ಗುಂಡು ಹಾರಿಸುವ ಪ್ರಸಂಗವೇ ಬರುವುದಿಲ್ಲ ಎನ್ನುತ್ತಾರೆ. ಬಚ್ಚಿಟ್ಟುಕೊಳ್ಳುವುದರಲ್ಲಿ ಮಾಯೆಯಿದೆ, ಕಾಣುವಂತೆ ಧರಿಸುವುದರಲ್ಲಿ ಋಜುತ್ವವಿದೆ ಎಂದೂ ಹೇಳಬಹುದು. ಕೆಲವು ಸಂದರ್ಭಗಳಲ್ಲಿ ಕಳ್ಳನು ಹಿಂದೆ ಸರಿಯಲೂಬಹುದು, ಇಲ್ಲವೆನ್ನಲಾಗದು. ಆದರೆ ದೃಢನಿಶ್ಚಯದಿಂದ ಬಂದ ದರೋಡೆಗಾರನಿಗೆ ಮೊದಲು ಯಾರನ್ನು ಹೊಡೆಯಬೇಕೆಂಬುದನ್ನೂ, ಯಾವುದನ್ನು ಕಸಿದುಕೊಳ್ಳಬೇಕೆಂಬುದನ್ನೂ ಅದೇ ಪಿಸ್ತೂಲು ತೋರಿಸಿಕೊಡುತ್ತದೆ.

ಇನ್ನು, ಆ ಆಯುಧವನ್ನು ನೋಡುವವರು ಕಳ್ಳರು ಮಾತ್ರವೇ? ಹಾಲು ಕೊಳ್ಳಲು ಬಂದ ತಾಯಿಯೂ ಮಿಠಾಯಿ ಕೇಳಲು ಬಂದ ಮಗುವೂ ಅದನ್ನು ನೋಡುತ್ತಾರೆ. ಚತುರ್ವಿಧ ದಾನಗಳಲ್ಲಿ ಅಭಯವೂ ಒಂದು. ಒಬ್ಬ ದುಷ್ಟನನ್ನು ಹೆದರಿಸುವ ಸಲುವಾಗಿ ನೂರು ನಿರಪರಾಧಿಗಳ ಮನಸ್ಸಿನಲ್ಲಿ ಶಂಕೆಯನ್ನು ಬಿತ್ತುವುದು ಅಭಯಕ್ಕೆ ಅನುಗುಣವಲ್ಲ.

ಆಯುಧವು ಒಬ್ಬನ ಕೈಯಲ್ಲಿಯೇ ನಿಲ್ಲುವ ವಸ್ತುವೂ ಅಲ್ಲ. ಕೊಡಲಿ, ಕತ್ತಿ, ಅಗ್ನಿ, ಸರಪಳಿ ಮೊದಲಾದ ವಧಸಾಧನಗಳನ್ನು ಪರರಿಗೆ ಒದಗಿಸುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂಬ ಅನರ್ಥದಂಡವಾಗಿ ಗಣಿಸಿದ್ದಾರೆ. ಮಲಗುವಾಗ ತಲೆದಿಂಬಿನ ಕೆಳಗೆ ಇಟ್ಟ ಪಿಸ್ತೂಲು ಮಗುವಿನ ಕೈಗೋ, ಕಳ್ಳನ ಕೈಗೋ, ದುಃಖದಲ್ಲಿ ಮುಳುಗಿದ ಬಂಧುವಿನ ಕೈಗೋ ಸಿಕ್ಕಿದರೆ, ದಾನ ಮಾಡುವ ಇಚ್ಛೆಯಿಲ್ಲದೆಯೇ ಹಿಂಸಾಸಾಧನ ಕೊಟ್ಟಂತಾಗುತ್ತದೆ. ಅಮೆರಿಕದಲ್ಲಿ 2021ರಲ್ಲಿ ಗುಂಡೇಟಿನಿಂದ 48,830 ಜನ ಮೃತರಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಆತ್ಮಹತ್ಯೆ. ಶತ್ರುವಿಗಾಗಿ ಮನೆಗೆ ತಂದ ಆಯುಧವು ಮನೆಯವರ ಮೇಲೆಯೇ ತಿರುಗುವ ಸಂಭವವನ್ನು ಈ ಸಂಖ್ಯೆ ಸ್ಪಷ್ಟಪಡಿಸುತ್ತದೆ.

ನಿರಾಯುಧನ ರಕ್ಷಣೆ

ನಿರಾಯುಧನಾಗಿರುವುದೆಂದರೆ ಅರಕ್ಷಿತನಾಗಿರುವುದಲ್ಲ. ಅಂಗಡಿಯನ್ನು ಒಂದೆರಡು ಗಂಟೆ ಮೊದಲೇ ಮುಚ್ಚಬಹುದು. ಉತ್ತಮ ದೀಪ, ಗಟ್ಟಿಯಾದ ಬೀಗ, ಪೊಲೀಸರಿಗೆ ಸುದ್ದಿ ಮುಟ್ಟಿಸುವ ಗಂಟೆ, ನೆರೆಯವರ ಸಹಕಾರ, ಒಬ್ಬರೇ ಇರದಿರುವ ಕ್ರಮ, ಇವೆಲ್ಲವೂ ರಕ್ಷಣೆಗಳೇ. ಇವುಗಳಿಗಿಂತ ಮುಖ್ಯವಾದುದು ಪರಿಗ್ರಹಪರಿಮಾಣ. ಪೆಟ್ಟಿಗೆಯಲ್ಲಿ ಹಣ ಕಡಿಮೆಯಿದ್ದಷ್ಟೂ, ಮೈಮೇಲೆ ಆಭರಣ ಕಡಿಮೆಯಿದ್ದಷ್ಟೂ ಲೂಟಿಯ ಪ್ರಲೋಭನೆ ಕಡಿಮೆಯಾಗುತ್ತದೆ. ಹಣ ಕೇಳಿದವನಿಗೆ ಹಣವನ್ನು ಕೊಟ್ಟು ಪ್ರಾಣ ಉಳಿಸಿಕೊಳ್ಳುವುದು ಹೇಡಿತನವಲ್ಲ. ನಾಣ್ಯಕ್ಕಾಗಿ ತನ್ನ ಪ್ರಾಣವನ್ನೂ ಕಳ್ಳನ ಪ್ರಾಣವನ್ನೂ ಪಣವಾಗಿಡುವುದು ಲೋಭವೇ ಹೊರತು ಶೌರ್ಯವಲ್ಲ. ಪ್ರಾಣಕ್ಕೆ ಅಥವಾ ಮಾನಕ್ಕೆ ಕೈಹಾಕಿದರೆ, ಕೈಗೆ ಸಿಕ್ಕುದರಿಂದ ತಡೆಯಲು ವ್ರತಿಗೆ ಯಾವ ಅಡ್ಡಿಯೂ ಇಲ್ಲ.

ಪಂಪನ ಆದಿಪುರಾಣವನ್ನು ಓದಿದವರಿಗೆ ಭರತ-ಬಾಹುಬಲಿಯರ ಪ್ರಸಂಗ ನೆನಪಿರಬಹುದು. ಸೇನೆಗಳ ನಾಶವನ್ನು ತಪ್ಪಿಸಲು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಆಯುಧವಿಲ್ಲದ ಆ ಮೂರರಲ್ಲಿಯೂ ಸೋತ ಭರತನು ಅವಮಾನವನ್ನು ತಾಳಲಾರದೆ ಚಕ್ರವನ್ನು ಪ್ರಯೋಗಿಸಿದನು. ಅಂತಹ ಮಹಾಪುರುಷನೂ ಆಯುಧವು ಕೈಗೆಟುಕುವಲ್ಲಿ ಇದ್ದುದರಿಂದಲೇ ತನ್ನ ಸೋದರನ ಮೇಲೆ ಅದನ್ನು ಎಸೆಯುವಂತಾಯಿತು. ಚಕ್ರವು ಬಾಹುಬಲಿಗೆ ಹಾನಿ ಮಾಡಲಿಲ್ಲ. ಆದರೆ ನಮ್ಮ ಗುಂಡಿಗೆ ಬಂಧುವನ್ನು ಗುರುತಿಸುವ ಆ ಗುಣವಿಲ್ಲ.

ಆಚರಣೆಗೆ ನಿಯಮ

ಪರವಾನಗಿಯಿಂದ ಬಂದೂಕು ಈಗಾಗಲೇ ಮನೆಯಲ್ಲಿದ್ದರೆ ಈ ನಿಯಮಗಳನ್ನು ಚಾತುರ್ಮಾಸ್ಯದ ಮಟ್ಟಿಗಾದರೂ ಸ್ವೀಕರಿಸಬಹುದು. ಮದ್ದುಗುಂಡುಗಳನ್ನು ಬೇರೆಯಾಗಿ ಬೀಗದಲ್ಲಿ ಇಡುವುದು. ಅದನ್ನು ಎರವಲು ಕೊಡದಿರುವುದು. ಪ್ರದರ್ಶನಕ್ಕಾಗಿಯೂ ವಿನೋದಕ್ಕಾಗಿಯೂ ಹೊರತೆಗೆಯದಿರುವುದು. ಅಷ್ಟಮೀ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಅದನ್ನು ಮುಟ್ಟದಿರುವುದು. ಆರಂಭವನ್ನೇ ಬಿಟ್ಟು, ನೋಡದೆ ಒರೆಸದೆ ಚಾಪೆಯನ್ನೂ ಹಾಸಬಾರದೆನ್ನುವ ದಿನದಲ್ಲಿ ಪಿಸ್ತೂಲಿಗೆ ಸ್ಥಾನವೆಲ್ಲಿ? ಆ ದಿನಗಳಲ್ಲಿ ಆಯುಧವಿಲ್ಲದೆ ಇದ್ದವನಿಗೆ, ಉಳಿದ ದಿನಗಳಲ್ಲಿಯೂ ಅದು ಎಷ್ಟು ಅವಶ್ಯವೆಂಬುದು ತಾನಾಗಿಯೇ ತಿಳಿಯುತ್ತದೆ.

ಸೋದರಳಿಯನು ಮರಳಿ ಬರೆದಿದ್ದಾನೆ. ಪಿಸ್ತೂಲು ಕೊಳ್ಳಲಿಲ್ಲವಂತೆ. ಅಂಗಡಿಯನ್ನು ಎಂಟು ಗಂಟೆಗೆ ಮುಚ್ಚುತ್ತಾನಂತೆ, ಲಾಭ ಇಳಿದಿದೆಯಂತೆ. “ಭಯ ಪೂರ್ತಿಯಾಗಿ ಹೋಗಿಲ್ಲ, ಕದ ಮುಚ್ಚುವಾಗ ಇಬ್ಬರೂ ಣಮೋಕಾರ ಹೇಳಿಕೊಳ್ಳುತ್ತೇವೆ” ಎಂದಿದ್ದಾನೆ. ಭಯವಿಲ್ಲವೆಂದು ಅವನು ಸುಳ್ಳು ಬರೆಯದಿದ್ದುದು ನಮಗೆ ಸಮಾಧಾನ ತಂದಿತು. ಭಯವಿದ್ದೂ ವ್ರತವನ್ನು ಕಾಯುವುದೇ ಗೃಹಸ್ಥನ ಸಾಧನೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಚತುರ್ವಿಧ ಹಿಂಸೆಗಳಲ್ಲಿ ಅಣುವ್ರತಿಯು ಸರ್ವಥಾ ತ್ಯಜಿಸುವುದು ಯಾವುದು? ಕುಗ್ಗಿಸತಕ್ಕವು ಯಾವುವು?
2. ಶಾಲಿಸಿಕ್ಥ ಮತ್ಸ್ಯದ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿ, ಆಯುಧಧಾರಣೆಗೆ ಅನ್ವಯಿಸಿರಿ.
3. ನಿಮ್ಮ ಮನೆಯಲ್ಲಿ ಹಿಂಸಾದಾನಕ್ಕೆ ಎಡೆಮಾಡುವ ಸಾಧನಗಳು ಯಾವುವು? ಅವುಗಳನ್ನು ಹೇಗೆ ಕಾಪಾಡುತ್ತಿದ್ದೀರಿ?
4. ಪರಿಗ್ರಹಪರಿಮಾಣವು ಆತ್ಮರಕ್ಷಣೆಗೆ ಹೇಗೆ ಸಹಾಯಕವಾಗುತ್ತದೆ?