ಗಣಕಯಂತ್ರದ ಹಿನ್ನೆಲೆ ಪ್ರಕ್ರಿಯೆಗಳು: ಸಹಜವಾದುವು ಮತ್ತು ಸಂಶಯಾಸ್ಪದವಾದುವು

ಪೀಠಿಕೆ

ಶಿಕ್ಷಕರ ಮನೆಯ ಗಣಕಯಂತ್ರದಲ್ಲಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಿದ್ಯಾರ್ಥಿಗಳ ವಿಳಾಸ, ಪೋಷಕರ ದೂರವಾಣಿ ಸಂಖ್ಯೆ ಮೊದಲಾದುವೆಲ್ಲ ಇರುತ್ತವೆ. ಗಡಿನಾಡಿನ ಕನ್ನಡ ಶಿಕ್ಷಕರು ತಾವೇ ಬೆರಳಚ್ಚಿಸಿಟ್ಟ ಪೂರಕ ಪಾಠಗಳಿಗೆ ಬೇರೆ ಪ್ರತಿಯೇ ಇಲ್ಲದಿರುವುದೂ ಉಂಟು. ಆದುದರಿಂದ ಈ ಯಂತ್ರದೊಳಗೆ ನಮ್ಮ ಕಣ್ಣಿಗೆ ಕಾಣದಂತೆ ಏನು ನಡೆಯುತ್ತಿದೆ ಎಂಬುದನ್ನು ಅರಿತಿರುವುದು ಅವಶ್ಯಕ.

ಹಿನ್ನೆಲೆ ಪ್ರಕ್ರಿಯೆ ಎಂದರೇನು?

ಪರದೆಯ ಮೇಲೆ ಕಿಟಕಿ ತೆರೆಯದೆ ನಡೆಯುತ್ತಿರುವ ತಂತ್ರಾಂಶವೇ ಹಿನ್ನೆಲೆ ಪ್ರಕ್ರಿಯೆ. ವಿಂಡೋಸ್ ಗಣಕದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಡೀಟೇಲ್ಸ್’ ವಿಭಾಗದಲ್ಲಿ ಇವುಗಳ ಪಟ್ಟಿಯನ್ನು ನೋಡಬಹುದು.

ಅಕಾರಣ ಭಯ ಹುಟ್ಟಿಸುವ ಸಹಜ ಪ್ರಕ್ರಿಯೆಗಳು

1. ಸಿಸ್ಟಮ್ ಐಡಲ್ ಪ್ರೊಸೆಸ್: ಇದರ ಮುಂದೆ 95 ಎಂದು ಕಂಡರೆ, ಸಂಸ್ಕಾರಕದ ನೂರರಲ್ಲಿ 95 ಭಾಗ ಬಿಡುವಾಗಿದೆ ಎಂದರ್ಥ.

2. ಎಸ್‌ವಿಸಿಹೋಸ್ಟ್: ವಿಂಡೋಸಿನ ಸೇವೆಗಳಿಗೆ ಇದು ಆಶ್ರಯ. 2017ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ಸ್ಮೃತಿಯುಳ್ಳ ಗಣಕಗಳಲ್ಲಿ ಬಹುತೇಕ ಸೇವೆಗಳು ಬೇರೆ ಬೇರೆಯಾಗಿ ನಡೆಯುತ್ತವೆ. ಆದಕಾರಣ ಈ ಹೆಸರು ಹಲವಾರು ಬಾರಿ ಕಾಣುವುದು ಸಹಜ.

3. ಎಲ್‌ಸ್ಯಾಸ್: ಗುಪ್ತಪದವನ್ನು ಪರಿಶೀಲಿಸಿ ಬಳಕೆದಾರರನ್ನು ಒಳಬಿಡುವ ಪ್ರಕ್ರಿಯೆ. ಇದನ್ನು ನಿಲ್ಲಿಸಿದರೆ ಗಣಕ ಮರುಚಾಲನೆಗೊಳ್ಳುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಹೆಸರಿನ ಕಾಗುಣಿತ ಸರಿಯಿದೆಯೇ? ‘ಅಲ್ಪ’ವನ್ನೂ ‘ಅಲ್ಲ’ವನ್ನೂ ಕ್ಷಣಮಾತ್ರದಲ್ಲಿ ಬೇರ್ಪಡಿಸುವ ಶಿಕ್ಷಕರ ಕಣ್ಣು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಸ್‌ವಿಸಿಹೋಸ್ಟ್ ಎಂಬಲ್ಲಿ ವಿ ಮತ್ತು ಸಿ ಅಕ್ಷರಗಳನ್ನು ಅದಲುಬದಲು ಮಾಡುವುದು, ಎಲ್‌ಸ್ಯಾಸ್‌ನ ಮೊದಲಲ್ಲಿ ಇಂಗ್ಲಿಷಿನ ಸಣ್ಣ ಎಲ್ ಬದಲು ದೊಡ್ಡ ಐ ಇರಿಸುವುದು ವಂಚಕರ ಹಳೆಯ ಉಪಾಯಗಳು.

ಅದರ ನೆಲೆ ಎಲ್ಲಿದೆ? ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಬೇಕು. ಎಲ್‌ಸ್ಯಾಸ್ ಸಿಸ್ಟಮ್32 ಕಡತಕೋಶದಲ್ಲಿರಬೇಕು. ಅದೇ ಹೆಸರು ಡೌನ್‌ಲೋಡ್ಸ್ ಅಥವಾ ಟೆಂಪ್ ಕೋಶದಲ್ಲಿ ಕಂಡರೆ ಸಂಶಯಕ್ಕೆ ಬಲವಾದ ಕಾರಣವಿದೆ.

ತಯಾರಕರು ಯಾರು? ಕಡತದ ‘ಪ್ರಾಪರ್ಟೀಸ್’ನಲ್ಲಿ ಡಿಜಿಟಲ್ ಸಹಿಯನ್ನು ನೋಡಬಹುದು. ಆದರೆ ಸಹಿಯಿಲ್ಲದ ಮಾತ್ರಕ್ಕೆ ತಂತ್ರಾಂಶವು ಕೆಟ್ಟದ್ದೆಂದು ತೀರ್ಮಾನಿಸಲಾಗದು.

ವರ್ತನೆ ಹೇಗಿದೆ? ಏನೂ ಕೆಲಸವಿಲ್ಲದಾಗಲೂ ಅಪರಿಚಿತ ಪ್ರಕ್ರಿಯೆಯೊಂದು ಸಂಸ್ಕಾರಕವನ್ನು ಅಥವಾ ಅಂತರಜಾಲವನ್ನು ನಿರಂತರವಾಗಿ ಬಳಸುತ್ತಿದ್ದರೆ ಗಮನಿಸಬೇಕು. ವೈರಾಣು ತಪಾಸಣೆ ಅಥವಾ ವಿಂಡೋಸ್ ಪರಿಷ್ಕರಣೆಯ ಸಮಯದಲ್ಲಿ ಬಳಕೆ ಏರುವುದು ಸಹಜ.

ಕನ್ನಡ ಬೆರಳಚ್ಚಿನ ಉದಾಹರಣೆ

ನುಡಿ, ಬರಹದಂತಹ ತಂತ್ರಾಂಶಗಳು ಹಿನ್ನೆಲೆಯಲ್ಲಿದ್ದು, ನಾವು ಒತ್ತುವ ಕೀಲಿಗಳನ್ನು ಗ್ರಹಿಸಿ ಕನ್ನಡ ಅಕ್ಷರಗಳನ್ನಾಗಿ ಮಾಡುತ್ತವೆ. ಗುಪ್ತಪದ ಕದಿಯುವ ಕುತಂತ್ರಾಂಶವೂ ಕೀಲಿಗಳನ್ನೇ ಗ್ರಹಿಸುತ್ತದೆ. ಕ್ರಿಯೆ ಒಂದೇ, ಉದ್ದೇಶ ಬೇರೆ. ಆದ್ದರಿಂದ ಇಂತಹ ತಂತ್ರಾಂಶವನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು. ಕೈಯಿಂದ ಕೈಗೆ ಬಂದ ಪೆನ್‌ಡ್ರೈವ್ ಪ್ರತಿಯನ್ನು ನಂಬಬಾರದು.

ಸಂಶಯ ಬಂದಾಗ

ಕಡತವನ್ನು ಅವಸರದಿಂದ ಅಳಿಸಬಾರದು. ಮೊದಲು ಅಂತರಜಾಲದ ಸಂಪರ್ಕ ಕಡಿದು, ಪ್ರಕ್ರಿಯೆಯ ಹೆಸರು ಮತ್ತು ನೆಲೆಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ವಿಂಡೋಸ್ ಸೆಕ್ಯೂರಿಟಿಯಲ್ಲಿ ಪೂರ್ಣ ತಪಾಸಣೆಯನ್ನೂ, ಅಗತ್ಯವಿದ್ದರೆ ಆಫ್‌ಲೈನ್ ತಪಾಸಣೆಯನ್ನೂ ನಡೆಸಬೇಕು. ಗುಪ್ತಪದಗಳನ್ನು ಬೇರೊಂದು ಸುರಕ್ಷಿತ ಸಾಧನದಿಂದ ಬದಲಿಸಬೇಕು. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಕುತಂತ್ರಾಂಶ ನಿವಾರಣೆಯ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಹಣ ವಂಚನೆಯಾಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. “ನಿಮ್ಮ ಗಣಕದಲ್ಲಿ ವೈರಾಣುವಿದೆ” ಎಂದು ತಾವಾಗಿಯೇ ಕರೆ ಮಾಡುವ ಅಪರಿಚಿತರಿಗೆ ಗಣಕದ ನಿಯಂತ್ರಣವನ್ನು ಎಂದಿಗೂ ಕೊಡಬಾರದು.

ಅಭ್ಯಾಸ

1. ಗಣಕವು ಸುಸ್ಥಿತಿಯಲ್ಲಿರುವಾಗಲೇ ಅದರ ಪ್ರಕ್ರಿಯೆಗಳ ಪಟ್ಟಿಯನ್ನು ಬರೆದಿಡಿ. ಮುಂದೆ ಹೊಸದನ್ನು ಗುರುತಿಸಲು ಅದೇ ಅಳತೆಗೋಲು.

2. ಪಟ್ಟಿಯಲ್ಲಿನ ಐದು ಹೆಸರುಗಳಿಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಅನ್ವಯಿಸಿ, ಉತ್ತರಗಳನ್ನು ಸಹೋದ್ಯೋಗಿಗಳೊಡನೆ ಚರ್ಚಿಸಿ.

3. ಬೇರೆ ಪ್ರತಿಯಿಲ್ಲದ ಪಾಠಗಳನ್ನು ಇಂದೇ ಹೊರ ಸಂಗ್ರಾಹಕವೊಂದಕ್ಕೆ ನಕಲಿಸಿ, ಅದನ್ನು ಗಣಕದಿಂದ ಬೇರ್ಪಡಿಸಿಡಿ.