ಅಡವಿಗೆ ಗೊಬ್ಬರ ಹಾಕುವವರು ಯಾರು?



ಸೊಗಲ ಸೋಮೇಶ್ವರಕ್ಕೆ ಹೋದವರು ಅಲ್ಲಿಯ ಗುಡ್ಡ ನೋಡಿದ್ದೀರಿ. ಎಷ್ಟು ಗಿಡ, ಎಷ್ಟು ಬಳ್ಳಿ! ಕಿತ್ತೂರಿನಿಂದ ಖಾನಾಪುರದ ದಿಕ್ಕಿಗೆ ಹೋದರೆ ಇನ್ನೂ ದಟ್ಟ ಅಡವಿ. ಆ ಗಿಡಗಳಿಗೆ ಯಾರಾದರೂ ಗೊಬ್ಬರ ಹಾಕುತ್ತಾರೇನು? ಒಂದು ಬುಟ್ಟಿಯೂ ಇಲ್ಲ. ನಮ್ಮ ಹೊಲಕ್ಕೆ ಮಾತ್ರ ಗೊಬ್ಬರ ಬೇಕೇ ಬೇಕು. ಯಾಕ?

ಅಡವಿಯಲ್ಲಿ ಎಲೆ ಉದುರುತ್ತದೆ. ಮಳೆಗೆ ನೆನೆಯುತ್ತದೆ. ಗೆದ್ದಲು, ಎರೆಹುಳು, ಬೂಷ್ಟು ಅದನ್ನು ತಿನ್ನುತ್ತವೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳೂ ತಿನ್ನುತ್ತವೆ. ಎಲೆಯಲ್ಲಿದ್ದ ಸತ್ವ ಮಣ್ಣಿಗೆ ಸೇರುತ್ತದೆ. ಬೇರು ಅದನ್ನೇ ಮತ್ತೆ ಹೀರುತ್ತದೆ. ಗಾಣದ ಎತ್ತು ಸುತ್ತಿದ ಹಾಗೆ ಸತ್ವ ಸುತ್ತುತ್ತದೆ.

ಸತ್ವ ಅಂದರೆ ಸಾರಜನಕ, ರಂಜಕ, ಪೊಟ್ಯಾಷ್. ಅಂಗಡಿ ಗೊಬ್ಬರದ ಚೀಲದ ಮೇಲೆ 10:26:26 ಅಂತ ಅಂಕಿ ಇರುತ್ತವೆ. ಆ ಮೂರು ಅಂಕಿ ಈ ಮೂರು ಸತ್ವದ ಲೆಕ್ಕ. ಈಗ ನಿಮಗೆ ಓದಲು ಬರುತ್ತದಲ್ಲ, ಓದಿ ನೋಡಿರಿ.

ಬಿಸಿಲಿನ ಶಕ್ತಿ ಹೀಗೆ ಸುತ್ತುವುದಿಲ್ಲ. ಜೋಳದ ಎಲೆ ಬಿಸಿಲು ಹಿಡಿದು ಕಾಳು ಕಟ್ಟುತ್ತದೆ. ಕಾಳನ್ನು ಇಲಿ ತಿನ್ನುತ್ತದೆ. ಇಲಿಯನ್ನು ಹಾವು, ಹಾವನ್ನು ಹದ್ದು. ಇಲಿ ತಿಂದದ್ದರಲ್ಲಿ ಹೆಚ್ಚು ಪಾಲು ಅದರ ಓಡಾಟಕ್ಕೆ, ಮೈ ಬಿಸಿ ಇಡಲಿಕ್ಕೆ ಕರ್ಚಾಗುತ್ತದೆ. ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಿನ ಬಾಯಿಗೆ. ಅದಕ್ಕೇ ಹೊಲದಲ್ಲಿ ಇಲಿ ಬಹಳ, ಹಾವು ಕಡಿಮೆ, ಹದ್ದು ಒಂದೋ ಎರಡೋ. ಕರ್ಚಾದ ಶಕ್ತಿ ತಿರುಗಿ ಬರುವುದಿಲ್ಲ. ಬೆಳಗಾದರೆ ಸೂರ್ಯ ಹೊಸದು ಕೊಡುತ್ತಾನೆ. ಸತ್ವವನ್ನು ಹಾಗೆ ದಿನಾ ಕೊಡುವವರಿಲ್ಲ.

ಈಗ ಹೊಲಕ್ಕೆ ಬರೋಣ. ಸವದತ್ತಿ, ರಾಮದುರ್ಗದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುತ್ತೇವೆ. ಜೋಳದ ಚೀಲ ಪ್ಯಾಟಿಗೆ ಹೋಯಿತು ಅಂದರೆ ಹೊಲದ ಸತ್ವವೂ ಚೀಲದ ಜೊತೆ ಹೋಯಿತು. ಕಡಲೆಯ ಗುಣ ಬೇರೆ. ಗಿಡ ಕಿತ್ತು ನೋಡಿರಿ, ಬೇರಿನಲ್ಲಿ ಸಣ್ಣ ಗಂಟು ಇರುತ್ತವೆ. ಅವುಗಳೊಳಗಿನ ಜೀವಿಗಳು ಗಾಳಿಯಿಂದಲೇ ಸಾರಜನಕ ಹಿಡಿದು ಕೊಡುತ್ತವೆ.

ಬೈಲಹೊಂಗಲದ ಹತ್ತಿಯದು ಒಂದು ಚೋದ್ಯ. ಅರಳೆಯಲ್ಲಿ ಮಣ್ಣಿನ ಸತ್ವ ಬಹಳ ಕಡಿಮೆ. ಅದು ಗಾಳಿ, ನೀರು, ಬಿಸಿಲಿನಿಂದ ಆದದ್ದು. ಸತ್ವ ಹೆಚ್ಚು ಇರುವುದು ಕಾಳಿನಲ್ಲಿ. ಹತ್ತಿಕಾಳು ಎಮ್ಮಿಗೆ ಹಾಕುತ್ತೀರಲ್ಲ, ಆ ಸತ್ವ ಸ್ವಲ್ಪ ಹಾಲಿಗೆ, ಬಹಳಷ್ಟು ಹೆಂಡಿಗೆ, ಉಚ್ಚಿಗೆ.

ಹೆಂಡಿ ಬಾಚುವವರು ನಾವು ಹೆಂಗಸರು. ತಿಪ್ಪಿಗೆ ಹಾಕಿದರೆ ಸತ್ವ ಹೊಲಕ್ಕೆ ತಿರುಗಿ ಬರುತ್ತದೆ. ಕುಳ್ಳು ತಟ್ಟಿ ಸುಟ್ಟರೆ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ರಂಜಕ, ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತವೆ. ಬೂದಿಯನ್ನು ಗಟಾರಕ್ಕೆ ಚೆಲ್ಲಬೇಡಿರಿ. ಹಿತ್ತಲಿಗೆ ಹಾಕಿರಿ.

"ಕುಳ್ಳು ತಟ್ಟಬ್ಯಾಡ್ರಿ" ಅಂತ ಹೇಳುವುದು ಸುಲಭ. ಒಲಿ ಉರೀಬೇಕಲ್ಲ? ಸಿಲಿಂಡರಿಗೆ ರೊಕ್ಕ ಬೇಕಲ್ಲ?

ಗೋಬರ್ ಗ್ಯಾಸ್ ಇದಕ್ಕೆ ಒಳ್ಳೇ ದಾರಿ. ಅದರಲ್ಲಿ ಹೆಂಡಿಯ ಶಕ್ತಿ ಮಾತ್ರ ಉರಿಯಾಗಿ ಒಲಿಗೆ ಬರುತ್ತದೆ. ಸತ್ವ ರಾಡಿಯಲ್ಲಿ ಉಳಿದು ಹೊರಗೆ ಬರುತ್ತದೆ. ರೊಟ್ಟಿಯೂ ಬೆಂದಿತು, ಹೊಲಕ್ಕೂ ಗೊಬ್ಬರ ಸಿಕ್ಕಿತು. ಆದರೆ ಸಣ್ಣ ಘಟಕಕ್ಕೂ ದಿನಕ್ಕೆ ಸುಮಾರು 25 ಕಿಲೋ ಹೆಂಡಿ ಬೇಕು. ಎರಡು ಮೂರು ದನ ಇದ್ದವರಿಗೆ ಆದೀತು. ಒಂದೇ ಆಕಳು ಇದ್ದವರಿಗೆ ಆಗದು.

ಅವರು ಉಚ್ಚಿಯನ್ನಾದರೂ ಉಳಿಸಬಹುದು. ಅದರಲ್ಲಿ ಸಾರಜನಕ ಬಹಳ. ಕೊಟ್ಟಿಗೆಯಲ್ಲಿ ಕಣಕಿ ಚೂರು, ಒಣ ಮಣ್ಣು ಹರವಿರಿ. ಉಚ್ಚಿ ಹೀರಿಕೊಂಡ ಮೇಲೆ ತಿಪ್ಪಿಗೆ ಹಾಕಿರಿ. ತಿಪ್ಪಿಯ ಮೇಲೆ ಮಣ್ಣು ಮುಚ್ಚಿರಿ. ಮುಚ್ಚದಿದ್ದರೆ ಬಿಸಿಲಿಗೆ ಸಾರಜನಕ ಗಾಳಿಗೆ ಹಾರುತ್ತದೆ. ಮಳೆ ಬಂದರೆ ಉಳಿದ ಸತ್ವ ತೊಳೆದು ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ.

ಲೆಕ್ಕ ಬರೆಯಿರಿ:
ನಿಮ್ಮ ಮನೆಯ ಹೆಂಡಿ ದಿನಕ್ಕೆ ಎಷ್ಟು ಬುಟ್ಟಿ?
ಕುಳ್ಳಿಗೆ ಎಷ್ಟು? ತಿಪ್ಪಿಗೆ ಎಷ್ಟು?
ಒಂದು ವಾರ ಬರೆದು ಕೇಂದ್ರಕ್ಕೆ ತನ್ನಿರಿ.